ಅಲೆಮಾರಿಗಳ ಒಕ್ಕಲುತನ

ಇಳಕಲ್ಲಿಗೂ ಕಡಲಿಗೂ ಯಾವ ಜನ್ಮದ ನಂಟೂ ಇಲ್ಲ. ನಮ್ಮೂರಿನ ಕೀರ್ತಿ ನಿಂತಿರುವುದು ಮಗ್ಗದ ಮೇಲೆ ಮತ್ತು ಕೆಂಪು ಕಲ್ಲಿನ ಮೇಲೆ. ನೀರಿನ ಮೇಲಂತೂ ಅಲ್ಲ. ಕಾರವಾರದ ಕಡಲನ್ನು ಕಾಣಬೇಕೆಂದು ಇಲ್ಲಿಂದ ಹೊರಟವನು ಹುಬ್ಬಳ್ಳಿಯನ್ನು ದಾಟಿ, ಘಟ್ಟವನ್ನು ಇಳಿದು, ಒಂದು ಹಗಲನ್ನೆಲ್ಲ ಬಸ್ಸಿನಲ್ಲಿಯೇ ಕಳೆಯಬೇಕು. ಇಂಥ ಊರಿನಲ್ಲಿ, ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ಮಾಸ್ತರನೊಬ್ಬನ ಮನೆಯ ಹಿಂದಿನ ಖೋಲಿಯಲ್ಲಿ ಉಪ್ಪುನೀರಿನ ಮೀನುಮರಿಗಳು ಈಜಾಡುತ್ತಿವೆ ಎಂದರೆ ಓದುಗರು ನಂಬಲಿಕ್ಕಿಲ್ಲ. ನಂಬದಿದ್ದರೆ ಅವರ ತಪ್ಪೂ ಅಲ್ಲ. ಆರು ತಿಂಗಳ ಹಿಂದೆ ಯಾರಾದರೂ ನನಗೆ ಹೀಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೀನು ಮನೆಗೆ ಬಂದುದು ಮಗಳ ಹಟದಿಂದ. 2003ರಲ್ಲಿ ತೆರೆಕಂಡ ಒಂದು ಅಮೆರಿಕನ್ ಚಿತ್ರಕಥೆಯಿದೆ. ತಂದೆ ಮೀನೊಂದು ಕಳೆದುಹೋದ ಮಗನನ್ನು ಹುಡುಕುತ್ತ ಕಡಲನ್ನೆಲ್ಲ ಅಲೆಯುತ್ತದೆ. ಆ ನೀಮೋ ಮೀನನ್ನು ಬಲ್ಲದ ಮಕ್ಕಳು ಈಗ ಹಳ್ಳಿಯಲ್ಲಿಯೂ ಇಲ್ಲ. ಕಿತ್ತಳೆಯ ಮೈ, ಮೂರು ಬಿಳಿಯ ಪಟ್ಟೆ, ಅಂಚಿಗೆ ಕಾಡಿಗೆಯ ಗೆರೆ. ಇಂಗ್ಲಿಷರು ಇದನ್ನು ಕ್ಲೌನ್ ಮೀನು ಎಂದರು. ನಾನು ವಿದೂಷಕ ಮೀನು ಎನ್ನುತ್ತೇನೆ. ನಮ್ಮ ದೊಡ್ಡಾಟದ ಸಾರಥಿ ರಂಗಕ್ಕೆ ಬಂದಾಗ ಒಂದು ಕಡೆ ನಿಲ್ಲದೆ ಓಲಾಡುವಂತೆ ಇದೂ ಸದಾ ಓಲಾಡುತ್ತಲೇ ಈಜುತ್ತದೆ. ಬೆಂಗಳೂರಿನಿಂದ ಒಂದು ಜೋಡಿಯನ್ನು ತಂದೆವು. ಕಡಲಿನಿಂದ ಹಿಡಿದುದಲ್ಲ, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದುದು ಎಂಬುದನ್ನು ಖಚಿತಪಡಿಸಿಕೊಂಡೇ ತಂದೆವು. ಸಮುದ್ರದ ಲವಣಗಳನ್ನು ಬೆರೆಸಿ ಮಾರುವ ಉಪ್ಪಿನ ಪೊಟ್ಟಣ ದೊರೆಯುತ್ತದೆ. ಶುದ್ಧೀಕರಿಸಿದ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಕರಗಿಸಿದರೆ ಗಾಜಿನ ಪೆಟ್ಟಿಗೆಯಲ್ಲಿ ಕಡಲು ಸಿದ್ಧ. ಅಡಿಗೆಯ ಉಪ್ಪಿನಿಂದ ಈ ಕೆಲಸ ಸಾಗದು. ಕಡಲೆಂದರೆ ಬರಿಯ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವೆಲ್ಲ ಕೂಡಿದ ಕಷಾಯ.

ಈ ಮೀನುಗಳ ಸಂಸಾರದಲ್ಲಿ ಒಂದು ವಿಚಿತ್ರವುಂಟು. ಹುಟ್ಟುವಾಗ ಹೆಣ್ಣಾಗಿ ಯಾವುದೂ ಹುಟ್ಟುವುದಿಲ್ಲ. ಗುಂಪಿನಲ್ಲಿ ದೊಡ್ಡದಾಗಿ ಬೆಳೆದುದು ಹೆಣ್ಣಾಗುತ್ತದೆ. ಅದರ ನಂತರದ್ದು ಗಂಡನಾಗುತ್ತದೆ. ಹೆಣ್ಣು ಸತ್ತರೆ ಗಂಡನೇ ಹೆಣ್ಣಾಗಿ ಮನೆಯ ಯಜಮಾನಿಕೆಯನ್ನು ವಹಿಸುತ್ತದೆ. ನೀಮೋವಿನ ತಂದೆಯ ಕಥೆಯನ್ನು ಬರೆದವರು ಪ್ರಾಣಿಶಾಸ್ತ್ರಕ್ಕೆ ಕಟ್ಟುಬಿದ್ದಿದ್ದರೆ ಆ ಚಿತ್ರ ಬೇರೆಯೇ ಆಗುತ್ತಿತ್ತು.

ಅವು ಅಡಗಿ ಕೂಡಲೆಂದು ಕಲ್ಲಿನ ಕಾರ್ಖಾನೆಯಿಂದ ಕೆಂಪು ಗ್ರಾನೈಟಿನ ಒಂದು ತುಣುಕನ್ನು ತಂದು, ಚೆನ್ನಾಗಿ ತೊಳೆದು, ಮೂಲೆಗೆ ಒರಗಿಸಿದ್ದೆ. ಮಾಗಿಯ ಚಳಿ ಇಳಿಯುತ್ತಿದ್ದ ದಿನಗಳಲ್ಲಿ ಗಂಡು ಆ ಕಲ್ಲನ್ನು ಬಾಯಿಂದ ಉಜ್ಜತೊಡಗಿತು. ಎರಡು ದಿನ ಉಜ್ಜಿದ್ದೇ ಉಜ್ಜಿದ್ದು. ಮೂರನೆಯ ದಿನ ಕಾಲೇಜಿನಿಂದ ಬಂದು ನೋಡಿದರೆ ಕಲ್ಲಿಗೆ ಕಿತ್ತಳೆ ಬಣ್ಣದ ಸಣ್ಣ ಕಾಳುಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಮೊಟ್ಟೆಗಳು! ಕೆಂಪು ಕಲ್ಲಿನ ಮೇಲೆ ಅವು ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತು. ಗಂಡು ಹಗಲಿರುಳೂ ರೆಕ್ಕೆಯಿಂದ ಗಾಳಿ ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತ ಕಾವಲಿದ್ದಿತು. ದಿನಗಳೆದಂತೆ ಕಿತ್ತಳೆ ಬಣ್ಣ ಮಾಸಿ, ಪ್ರತಿಯೊಂದು ಮೊಟ್ಟೆಯಲ್ಲಿಯೂ ಎರಡು ಬೆಳ್ಳಿಯ ಕಣ್ಣುಗಳು ಮೂಡಿದುವು. ಎಂಟನೆಯ ರಾತ್ರಿ, ದೀಪ ಆರಿಸಿದ ಒಂದು ಗಂಟೆಯೊಳಗೆ, ಇನ್ನೂರಕ್ಕೂ ಮಿಕ್ಕ ಮರಿಗಳು ನೀರಿಗೆ ಇಳಿದುವು. ಮರಿಗಳೆಂದರೂ ಅತಿಶಯವೇ, ಮೂರು ನಾಲ್ಕು ಮಿಲಿಮೀಟರು ಉದ್ದದ, ಗಾಜಿನ ನೂಲಿಗೆ ಕಣ್ಣು ಪೋಣಿಸಿದಂಥ ಜೀವಗಳು.

ಮರುದಿನ ಇಡೀ ಮನೆ ಹೆರಿಗೆಯ ಮನೆಯಾಯಿತು. ದೊಡ್ಡ ಮೀನಿಗೆ ಹಾಕುವ ಕಾಳನ್ನು ಕುಟ್ಟಿ, ವಸ್ತ್ರಗಾಳಿಸಿ, ಹಿಟ್ಟು ಮಾಡಿ ಹಾಕಿದೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಕದಡಿ ಹನಿಸಿದೆ. ಮರಿಗಳು ಅದರ ನಡುವೆಯೇ ಈಜಾಡಿದುವು. ಒಂದೂ ಬಾಯಿ ಹಾಕಲಿಲ್ಲ. ಎರಡನೆಯ ದಿನ ಅರ್ಧ ತಳಕ್ಕೆ ಬಿದ್ದಿದ್ದುವು. ಮೂರನೆಯ ದಿನದ ಸಂಜೆಗೆ ನೀರು ನಾರುತ್ತಿತ್ತು, ಜೀವವೆಂಬುದು ಉಳಿದಿರಲಿಲ್ಲ. ಮಗಳು ಅಳಲಿಲ್ಲ. "ಅಪ್ಪಾ, ಇನ್ನೊಮ್ಮೆ ಇವು ಸಾಯೂದಾದ್ರ ನಮಗ ಮೊಟ್ಟೀನ ಬ್ಯಾಡ" ಎಂದಷ್ಟೇ ಹೇಳಿ ಒಳಗೆ ಹೋದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಧಾರವಾಡದಲ್ಲಿ ಓದುವಾಗ ನನ್ನೊಡನೆ ಒಂದೇ ಖೋಲಿಯಲ್ಲಿದ್ದ ಗೆಳೆಯನೊಬ್ಬ ಈಗ ಕರಾವಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ರಾತ್ರಿ ಅವನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿ ಅವನು ಅಂದ: "ನೀನು ಹಸುಗೂಸಿನ ಮುಂದೆ ಕಟಕ ರೊಟ್ಟಿ ಇಟ್ಟು, ಅದೇಕೆ ಉಣ್ಣಲಿಲ್ಲ ಎಂದು ಕೇಳುತ್ತಿದ್ದೀಯ."

ಅವನು ವಿವರಿಸಿದ್ದು ಇಷ್ಟು. ಹಸುವಿನ ಕರು ಹುಟ್ಟಿದೊಡನೆ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಮೀನಿನ ತಾಯಿಗೆ ಕೆಚ್ಚಲಿಲ್ಲ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಒಂದು ದಿನಕ್ಕಾಗುವಷ್ಟು ಹಳದಿಯ ಬುತ್ತಿಯಿರುತ್ತದೆ. ಬುತ್ತಿ ಮುಗಿಯುವುದರೊಳಗೆ ಮೊದಲ ತುತ್ತು ಸಿಕ್ಕಲೇಬೇಕು. ಆ ತುತ್ತು ಅದರ ಬಾಯಿಗೆ ಹಿಡಿಯುವಷ್ಟು ಸಣ್ಣದಾಗಿರಬೇಕು, ಇದೊಂದು. ಇನ್ನೊಂದು, ಅದು ಅಲುಗಾಡುತ್ತಿರಬೇಕು. ಮರಿಯ ಕಣ್ಣು ಚಲನೆಯನ್ನು ಕಂಡು ಬೇಟೆಯಾಡುವ ಕಣ್ಣು. ಜಡವಾದುದು ಅದಕ್ಕೆ ಅನ್ನವೇ ಅಲ್ಲ. ನಾನು ಹಾಕಿದ ಹಿಟ್ಟು ತಳಕ್ಕಿಳಿದು ಕೊಳೆತು, ಹಸಿವೆಯಿಂದ ಸಾಯಬೇಕಾದ ಮರಿಗಳನ್ನು ವಿಷದಿಂದ ಸಾಯಿಸಿತು. ಕಡಲಿನಲ್ಲಿ ಈ ಮರಿಗಳಿಗೆ ಅನ್ನವಾಗಿರುವುದು ನೀರಿನಲ್ಲಿ ತೇಲುತ್ತ ಹರಿದಾಡುವ ಸೂಕ್ಷ್ಮಜೀವಿಗಳು, ಅಂದರೆ ಪ್ಲವಕಗಳು. "ಮೀನು ಸಾಕಬೇಕೆಂದರೆ ಮೀನಿಗಿಂತ ಮೊದಲು ಅದರ ಅನ್ನವನ್ನು ಸಾಕು" ಎಂದ.

ಇಲ್ಲಿ ಕನ್ನಡದ ಮಾಸ್ತರನಿಗೆ ಒಂದು ಕ್ಷಣ ಎಡೆಗೊಡಬೇಕು. 1887ರಲ್ಲಿ ವಿಕ್ಟರ್ ಹೆನ್ಸೆನ್ ಎಂಬ ಜರ್ಮನ್ ವಿದ್ವಾಂಸ ಇವುಗಳಿಗೆ ಪ್ಲಾಂಕ್ಟನ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅದರ ಮೂಲಾರ್ಥ ಅಲೆದಾಡುವಂಥದು ಎಂದು. ನಮ್ಮ ಶಾಸ್ತ್ರಗ್ರಂಥಗಳು ಸಂಸ್ಕೃತದ ಪ್ಲು ಧಾತುವನ್ನು ಹಿಡಿದು ಪ್ಲವಕ ಎಂದವು, ತೇಲುವುದು ಎಂದರ್ಥ. ತಪ್ಪಲ್ಲ. ಆದರೆ ಅಚ್ಚಗನ್ನಡದಲ್ಲಿ ಇದಕ್ಕಿಂತ ಸೊಗಸಾದ ಮಾತು ಕೈಯಳತೆಯಲ್ಲಿಯೇ ಇತ್ತು. ಅಲೆ ಎಂದರೆ ತೆರೆ. ಅಲೆ ಎಂದರೆ ಸುತ್ತಾಡು. ಅಲೆಯ ಮೇಲೆ ಅಲೆಯುವವನ್ನು ಅಲೆಮಾರಿಗಳೆಂದರೆ ಗ್ರೀಕರ ಅರ್ಥಕ್ಕೆ ಕಡಲೂ ಕೂಡಿಬರುತ್ತದೆ. ಇನ್ನು ಮುಂದೆ ನಾನು ಹಾಗೆಯೇ ಕರೆಯುತ್ತೇನೆ, ಪಂಡಿತರು ಕ್ಷಮಿಸಲಿ.

ಅಲೆಮಾರಿಗಳಲ್ಲಿ ಎರಡು ಬಗೆ. ಗಿಡಗಳಂತೆ ಬೆಳಕಿನಿಂದ ಅನ್ನ ಮಾಡಿಕೊಳ್ಳುವ ಸಸ್ಯದವು ಒಂದು. ಅವನ್ನು ತಿಂದು ಬದುಕುವ ಪ್ರಾಣಿಗಳು ಇನ್ನೊಂದು. ಮೀನುಮರಿಗೆ ಬೇಕಾದುದು ಎರಡನೆಯದು. ಆದರೆ ಅದು ಬದುಕಲು ಮೊದಲನೆಯದು ಬೇಕು. ಹೀಗೆ ಒಂದು ಮರಿಯನ್ನು ಸಾಕಹೊರಟವನು ಮೂರು ಒಕ್ಕಲುತನಗಳನ್ನು ತಲೆಗೆ ಕಟ್ಟಿಕೊಳ್ಳುತ್ತಾನೆ.

ರಜೆಯಲ್ಲಿ ಗೆಳೆಯನ ಊರಿಗೆ ಹೋಗಿ ಎರಡು ಸೀಸೆಗಳನ್ನು ತಂದೆ. ಒಂದರಲ್ಲಿ ಹಸಿರು ನೀರು. ಇನ್ನೊಂದರಲ್ಲಿ, ಬೆಳಕಿಗೆ ಹಿಡಿದರೆ ಬಿಳಿಯ ಧೂಳು ಕುಣಿಯುವಂತೆ ತೋರುವ ನೀರು. ಎರಡನ್ನೂ ಅರ್ಧದಷ್ಟೇ ತುಂಬಿ, ಉಳಿದುದು ಗಾಳಿಗೆಂದು ಬಿಟ್ಟು, ಒದ್ದೆ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಹುಬ್ಬಳ್ಳಿಯಲ್ಲಿ ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು "ಕಷಾಯ ಏನ್ರಿ? ಯಾರಿಗೆ ಆರಾಮಿಲ್ಲ?" ಎಂದು ಕೇಳಿದಳು. ಕೂಸುಗಳಿಗೆ ಎಂದೆ.

ಹಸಿರು ಸೀಸೆಯಲ್ಲಿದ್ದುದು ನ್ಯಾನೊಕ್ಲೋರಾಪ್ಸಿಸ್ ಎಂಬ ಪಾಚಿ. ಅದರ ಒಂದು ಕಣ ಎರಡರಿಂದ ನಾಲ್ಕು ಮೈಕ್ರಾನು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನು. ಇದನ್ನು ಬೆಳೆಯಲು ಬೇಕಾದುದು ಉಪ್ಪುನೀರು, ಬೆಳಕು, ಗಾಳಿ, ಗೊಬ್ಬರ. ಹೊಲಕ್ಕೆ ಬೇಕಾದುವೇ! ಐದು ಲೀಟರಿನ ಗಾಜಿನ ಭರಣಿಗಳಲ್ಲಿ ಕಡಲಿಗಿಂತ ತುಸು ಸಪ್ಪೆಯಾದ ಉಪ್ಪುನೀರನ್ನು ಕುದಿಸಿ ಆರಿಸಿ ತುಂಬಿದೆ. ಹಸಿರನ್ನು ಬೆರೆಸಿದೆ. ಕೊಳವೆದೀಪವನ್ನು ದಿನಕ್ಕೆ ಹದಿನಾರು ಗಂಟೆ ಉರಿಸಿದೆ. ಸಣ್ಣ ಪಂಪಿನಿಂದ ಗಾಳಿಯ ಗುಳ್ಳೆಗಳು ಎಡೆಬಿಡದೆ ಏಳುತ್ತಿರಬೇಕು. ಇಲ್ಲದಿದ್ದರೆ ಪಾಚಿ ತಳಕ್ಕೆ ಕೂತು ಸಾಯುತ್ತದೆ. ಗೊಬ್ಬರಕ್ಕೆ, 1962ರಲ್ಲಿ ಗಿಲಾರ್ಡ್ ಮತ್ತು ರೈಥರ್ ಎಂಬ ಇಬ್ಬರು ಅಮೆರಿಕನರು ಪ್ರಕಟಿಸಿದ ಮಿಶ್ರಣವೊಂದು ಇಂದಿಗೂ ಜಗತ್ತಿನಲ್ಲೆಲ್ಲ ನಡೆಯುತ್ತದೆ: ನೈಟ್ರೇಟ್, ಫಾಸ್ಫೇಟ್, ಅಣುಮಾತ್ರದ ಕಬ್ಬಿಣ-ಸತು-ಮ್ಯಾಂಗನೀಸುಗಳು, ಮೂರು ಜೀವಸತ್ವಗಳು. ನಮ್ಮ ದೇಶದ ದೊಡ್ಡ ಮೀನುಮರಿ ಕೇಂದ್ರಗಳು ಹೊರಗಿನ ತೊಟ್ಟಿಗಳಿಗೆ ಇಷ್ಟು ನಾಜೂಕು ಮಾಡುವುದಿಲ್ಲ. ಅಮೋನಿಯಂ ಸಲ್ಫೇಟ್, ಸೂಪರ್ ಫಾಸ್ಫೇಟ್, ಯೂರಿಯಾಗಳನ್ನೇ ಅಳೆದು ಹಾಕುತ್ತವೆ. ಹುನಗುಂದದ ರೈತನಿಗೆ ಈ ಹೆಸರುಗಳನ್ನು ಕಲಿಸಬೇಕಾಗಿಲ್ಲ.

ಆರನೆಯ ದಿನಕ್ಕೆ ಭರಣಿಯ ಹಿಂದೆ ಹಿಡಿದ ಕೈ ಕಾಣದಷ್ಟು ನೀರು ಹಸಿರಾಯಿತು. ನೆರೆಮನೆಯ ನೇಕಾರ ಹಿರಿಯರು ಬಾಗಿಲಲ್ಲಿ ನಿಂತು ನೋಡಿ, "ಸರ, ಮನ್ಯಾಗ ಪಾಚಿ ಕಟ್ಟಬಾರ್ದು ಅಂತ ಮಂದಿ ರೊಕ್ಕ ಕೊಟ್ಟು ಬ್ಲೀಚಿಂಗ್ ಪುಡಿ ತರ್ತಾರ, ನೀವು ರೊಕ್ಕ ಕೊಟ್ಟು ಪಾಚಿ ಸಾಕಾಕ ಹತ್ತೀರಲ್ಲ!" ಎಂದು ನಕ್ಕರು.

ಎರಡನೆಯ ಸೀಸೆಯ ಧೂಳು ರೋಟಿಫರ್. ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಮೂರು ಭಾಗದವರೆಗಿನ ಗಾತ್ರ, ಹೂಜಿಯಂಥ ಮೈ, ತಲೆಯ ಸುತ್ತ ರೋಮಗಳ ಚಕ್ರ. ರೋಮಗಳು ಬಡಿಯುವಾಗ ಚಕ್ರ ತಿರುಗಿದಂತೆಯೇ ಕಾಣುವುದರಿಂದ ಇದಕ್ಕೆ ಆ ಹೆಸರು. ಮೈಯಲ್ಲಿರುವುದೆಲ್ಲ ಕೂಡಿ ಸುಮಾರು ಒಂದು ಸಾವಿರ ಜೀವಕೋಶಗಳು. ಅಷ್ಟರಲ್ಲಿಯೇ ಬಾಯಿ, ದವಡೆ, ಜಠರ, ಅಂಡಕೋಶ! ಇದು ಮೆಲ್ಲಗೆ ಉರುಳುತ್ತ ಈಜುವುದರಿಂದ ಎಳೆಯ ಮರಿಗೂ ಬೇಟೆ ಸಿಗುತ್ತದೆ.

ಇದರ ಇತಿಹಾಸ ಸ್ವಾರಸ್ಯವಾದುದು. ಜಪಾನಿನಲ್ಲಿ ಹಾವುಮೀನು ಸಾಕುವ ರೈತರಿಗೆ ರೋಟಿಫರ್ ಒಂದು ಪೀಡೆಯಾಗಿತ್ತು. ಹಸಿರಾಗಿದ್ದ ಹೊಂಡದಲ್ಲಿ ಅದು ಹುಟ್ಟಿಕೊಂಡರೆ ಪಾಚಿಯನ್ನೆಲ್ಲ ತಿಂದು ನೀರನ್ನು ಒಮ್ಮೆಲೇ ತಿಳಿಯಾಗಿಸುತ್ತಿತ್ತು. ಪಾಚಿ ಕೊಡುತ್ತಿದ್ದ ಉಸಿರು ನಿಂತು ಹಾವುಮೀನುಗಳು ಸಾಯುತ್ತಿದ್ದುವು. ಈ ಪೀಡೆಯನ್ನು ಓದುತ್ತ ಕುಳಿತ ತಕಾಶಿ ಇತೋ ಎಂಬಾತ, ಇಷ್ಟು ಬೇಗ ಬೆಳೆಯುವ ಜೀವಿಯನ್ನು ಮೀನುಮರಿಗೆ ಅನ್ನವಾಗಿ ಏಕೆ ಕೊಡಬಾರದು ಎಂದು ಯೋಚಿಸಿ 1960ರಲ್ಲಿ ಆ ಮಾತನ್ನು ಪ್ರಕಟಿಸಿದ. ಕಡಲಿನ ಮೀನುಗಳನ್ನು ದಡದ ಮೇಲೆ ಮರಿಮಾಡುವ ಇಂದಿನ ಉದ್ಯಮವೆಲ್ಲ ಬಹುಮಟ್ಟಿಗೆ ಆ ಒಂದು ಯೋಚನೆಯ ಮೇಲೆ ನಿಂತಿದೆ.

ರೋಟಿಫರಿನ ಸಂಸಾರವೂ ವಿಚಿತ್ರವೇ. ಕಾಲ ಚೆನ್ನಾಗಿದ್ದಾಗ ಅಲ್ಲಿ ಗಂಡುಗಳೇ ಇಲ್ಲ. ಹೆಣ್ಣು ತಾನೇ ಮೊಟ್ಟೆಯಿಟ್ಟು ಹೆಣ್ಣುಗಳನ್ನೇ ಹೆರುತ್ತದೆ. ಹುಟ್ಟಿದ ಮರಿ ಒಂದೂವರೆ ದಿನದೊಳಗೆ ತಾನೂ ತಾಯಿಯಾಗುತ್ತದೆ. ಉಷ್ಣತೆ 25 ಡಿಗ್ರಿಯಿದ್ದರೆ ಅದರ ಆಯುಷ್ಯ ನಾಲ್ಕು ದಿನದಷ್ಟು. ಆ ನಾಲ್ಕು ದಿನಗಳಲ್ಲಿ ಕೆಲವು ಗಂಟೆಗಳಿಗೊಂದು ಮೊಟ್ಟೆ. ನೀರು ಕೆಟ್ಟು ಕಷ್ಟ ಬಂದಾಗ ಮಾತ್ರ ಗಂಡು ಹುಟ್ಟುತ್ತದೆ. ಆ ಗಂಡಿಗೆ ಜೀರ್ಣಾಂಗವೇ ಇರುವುದಿಲ್ಲ. ಬಂದ ಕೆಲಸ ಮುಗಿಸಿ ಹೋಗುತ್ತದೆ. ಆಗ ಹುಟ್ಟುವ ಮೊಟ್ಟೆ ಗಟ್ಟಿಯಾದ ಚಿಪ್ಪು ತೊಟ್ಟು ಒಳ್ಳೆಯ ಕಾಲಕ್ಕಾಗಿ ಕಾಯುತ್ತ ಮಲಗುತ್ತದೆ. ಇದನ್ನು ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ ನಕ್ಕುದೇಕೆಂಬುದನ್ನು ಇಲ್ಲಿ ಬರೆಯಲಾರೆ.

ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ರೋಟಿಫರನ್ನು ಬಿಟ್ಟು ದಿನಕ್ಕೆರಡು ಸಲ ಹಸಿರು ನೀರನ್ನು ಎರೆದೆ. ನೀರು ತಿಳಿಯಾದರೆ ಅವಕ್ಕೆ ಹಸಿವೆ ಎಂದರ್ಥ. ಹಸಿರು ಉಳಿದೇ ಇದ್ದರೆ ಅವಕ್ಕೆ ಏನೋ ಆಗಿದೆ ಎಂದರ್ಥ. ದಿನವೂ ನಾಲ್ಕರಲ್ಲೊಂದು ಪಾಲನ್ನು ಕೊಯ್ದು ತೆಗೆದು ಅಷ್ಟೇ ಹೊಸನೀರು ತುಂಬಿದರೆ ಬೆಳೆ ನಿಲ್ಲದೆ ಬರುತ್ತದೆ. ಕಾಳು ಬೆಳೆಯುವವನಿಗೆ ವರ್ಷಕ್ಕೆ ಎರಡು ಸುಗ್ಗಿ. ಈ ಒಕ್ಕಲಿಗನಿಗೆ ಬೆಳಗಾದರೆ ಸುಗ್ಗಿ. ಕೆಲವರು ಪಾಚಿಯ ತಾಪತ್ರಯವೇ ಬೇಡವೆಂದು ರೊಟ್ಟಿ ಉಬ್ಬಿಸುವ ಈಸ್ಟನ್ನು ರೋಟಿಫರಿಗೆ ತಿನ್ನಿಸುತ್ತಾರೆ. ರೋಟಿಫರೇನೋ ಬೆಳೆಯುತ್ತದೆ, ಆದರೆ ಅದನ್ನು ತಿಂದ ಮರಿ ಹೊಟ್ಟೆ ತುಂಬಿಯೂ ಸೊರಗುತ್ತದೆ. ಕಡಲಿನ ಮರಿಗೆ ಅವಶ್ಯವಾದ ಒಮೇಗಾ ಕೊಬ್ಬಿನ ಅಂಶಗಳು ಈಸ್ಟಿನಲ್ಲಿ ಇಲ್ಲ. ಅವು ಪಾಚಿಯಿಂದಲೇ ಬರಬೇಕು. ರೋಟಿಫರು ಬರಿಯ ಚೀಲ. ಅದಕ್ಕೆ ಏನು ತುಂಬುತ್ತೇವೆಯೋ ಅದೇ ಮರಿಗೆ ಸಲ್ಲುತ್ತದೆ.

ಚೈತ್ರದಲ್ಲಿ ಮತ್ತೆ ಮೊಟ್ಟೆಯೊಡೆಯಿತು. ಈ ಸಲ ಮರಿಗಳು ರೋಟಿಫರನ್ನು ಕಂಡೊಡನೆ ಮೈಯನ್ನು ಎಸ್ ಅಕ್ಷರದಂತೆ ಬಳುಕಿಸಿ, ಚಂಗನೆ ಹಾರಿ ನುಂಗಿದುವು. ಮಗಳು ದೂರದಲ್ಲಿಯೇ ನಿಂತು ನೋಡಿದಳು, ಹತ್ತಿರ ಬರಲಿಲ್ಲ. ಎರಡು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ರಾತ್ರಿ ಕರೆಂಟು ಹೋಯಿತು, ಬೆಳಗಿನವರೆಗೆ ಬರಲಿಲ್ಲ. ಬೇಸಿಗೆಯ ನಮ್ಮೂರಿನ ಧಗೆಯನ್ನು ಬಲ್ಲವರಿಗೆ ಉಳಿದುದನ್ನು ಹೇಳಬೇಕಾಗಿಲ್ಲ. ಬೆಳಗಾಗುವಾಗ ಪಾಚಿಯ ಭರಣಿಗಳು ಅರಿಸಿನದ ನೀರಿನಂತೆ ಹಳದಿಯಾಗಿದ್ದುವು. ರೋಟಿಫರಿನ ಬಕೆಟ್ಟಿನಿಂದ ಕೊಳೆತ ವಾಸನೆ. ಮೀನುಮರಿಗಳು ಆ ಬೆಳಿಗ್ಗೆ ಜೀವಂತವಾಗಿಯೇ ಇದ್ದುವು. ಅವು ಅನ್ನಕ್ಕಾಗಿ ನೀರಿನಲ್ಲೆಲ್ಲ ಹುಡುಕುತ್ತ ಎರಡು ದಿನ ಬದುಕಿದುದನ್ನು ನೋಡಿದೆ. ಮೊದಲ ಸಲಕ್ಕಿಂತ ಇದು ಕಠಿಣವಾಗಿತ್ತು. ಆಗ ನಾನು ಅಜ್ಞಾನಿಯಾಗಿದ್ದೆ; ಈಗ ತಿಳಿದೂ ಕೈಕಟ್ಟಿ ಕೂತಿದ್ದೆ.

ಆ ಸೋಲಿಗೆ ಮದ್ದು ಹೇಳಿದವಳು ನನ್ನ ತಾಯಿ. ಆಕೆಗೆ ಪ್ಲವಕವೂ ಗೊತ್ತಿಲ್ಲ, ಮೈಕ್ರಾನೂ ಗೊತ್ತಿಲ್ಲ. "ಹೆಪ್ಪು ಎಂದೂ ಒಂದ ಗಡಿಗ್ಯಾಗ ಇಡಬಾರ್ದಪಾ. ಒಂದು ನಮ್ಮ ಮನ್ಯಾಗ ಇರಬೇಕು, ಒಂದು ಮಗ್ಗಲ ಮನ್ಯಾಗ ಇರಬೇಕು. ನಮ್ಮದು ಕೆಟ್ಟರ ಅವರ ಕಡೆಯಿಂದ ತರಬೇಕು" ಎಂದಳು. ಜಗತ್ತಿನ ಪ್ರತಿಯೊಂದು ಮೀನುಮರಿ ಕೇಂದ್ರವೂ ಪಾಲಿಸುವ ನಿಯಮವಿದು! ಮತ್ತೆ ಗೆಳೆಯನಿಂದ ಸೀಸೆಗಳು ಬಂದುವು. ಒಂದು ಪಾಲು ಪಾಚಿ ತಂಪುಪೆಟ್ಟಿಗೆಯಲ್ಲಿ ಮಜ್ಜಿಗೆಯ ಪಕ್ಕದಲ್ಲಿ ಕುಳಿತಿತು. ಒಂದು ಭರಣಿ ನೇಕಾರ ಹಿರಿಯರ ಪಡಸಾಲೆಗೆ ಹೋಯಿತು. ಆಕೆಯ ಇನ್ನೊಂದು ಶಾಸ್ತ್ರವನ್ನೂ ನಾನು ಒಪ್ಪಿಕೊಂಡೆ: ಮಡಿ. ರೋಟಿಫರನ್ನು ಮುಟ್ಟಿದ ಲೋಟ ಪಾಚಿಯ ಭರಣಿಯನ್ನು ಮುಟ್ಟಕೂಡದು. ಒಂದೇ ಒಂದು ರೋಟಿಫರು ಭರಣಿಗೆ ಬಿದ್ದರೆ ವಾರದೊಳಗೆ ಹಸಿರೆಲ್ಲ ಮಾಯ. ಆದ್ದರಿಂದ ದಿನದ ಕೆಲಸ ಪಾಚಿಯಿಂದ ತೊಡಗಿ, ಆಮೇಲೆ ರೋಟಿಫರಿಗೆ ಬಂದು, ಕೊನೆಗೆ ಮರಿಗಳಲ್ಲಿ ಮುಗಿಯಬೇಕು, ಹಿಮ್ಮುಖವಾಗಿ ನಡೆಯಕೂಡದು.

ಇನ್ನೊಂದು ತೊಡಕು ಉಳಿದಿತ್ತು. ರೋಟಿಫರನ್ನು ಅದರ ಹೊಲಸು ನೀರಿನ ಸಮೇತ ಮರಿಗಳಿಗೆ ಸುರಿಯುವಂತಿಲ್ಲ, ಸೋಸಿ ತೊಳೆಯಬೇಕು. ಎಂಥ ಬಟ್ಟೆಯಲ್ಲಿ? ಈ ಪ್ರಶ್ನೆ ಇಳಕಲ್ಲಿನಲ್ಲಿ ಕೇಳಬೇಕಾದುದೇ. ಕಡಲಿನ ಅಲೆಮಾರಿಗಳನ್ನು ಮೊದಮೊದಲು ಹಿಡಿದ ವಿದ್ವಾಂಸರಿಗೂ ನೇಕಾರನೇ ದಿಕ್ಕಾಗಿದ್ದ. ಹಿಟ್ಟನ್ನು ಜಾಲಿಸಲೆಂದು ಸ್ವಿಟ್ಜರ್ಲೆಂಡಿನಲ್ಲಿ ನೇಯುತ್ತಿದ್ದ ರೇಷ್ಮೆಯ ಜರಡಿಬಟ್ಟೆಯಿಂದಲೇ ಹೆನ್ಸೆನ್ನನಂಥವರ ಬಲೆಗಳು ಸಿದ್ಧವಾಗಿದ್ದುವು. ನೈಲಾನು ಬರುವವರೆಗೆ ಅದೇ ನಡೆಯಿತು. ನಮ್ಮ ಹಿರಿಯರಿಗೆ ಇದನ್ನು ಹೇಳಿದೆ. ಅವರು ಕುಣಿಮಗ್ಗದ ಮುಂದೆ ಕುಳಿತು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿದ್ದರು. ಏಳದೆಯೇ, ಗೂಟಕ್ಕೆ ನೇತುಹಾಕಿದ್ದ ಒಂದು ರೇಷ್ಮೆಯ ತುಂಡನ್ನು ತೋರಿಸಿ, "ಇದರಾಗ ನಿಲ್ಲಲಿಲ್ಲಂದ್ರ ಅದು ಹುಳಾ ಅಲ್ಲ, ನೀರ" ಎಂದರು. ನಿಲ್ಲಲಿಲ್ಲ, ರೋಟಿಫರು ಸೋರಿಹೋಯಿತು. ಎರಡು ಮಡಿಕೆ ಮಾಡಿದಾಗ ನೀರೂ ಇಳಿಯಲೊಲ್ಲದು. ಕೊನೆಗೆ ರೋಟಿಫರಿಗೆ ಐವತ್ತು ಮೈಕ್ರಾನಿನ ನೈಲಾನು ಜರಡಿಯನ್ನೇ ತರಿಸಬೇಕಾಯಿತು. ಆದರೆ ಮೂರನೆಯ ಬೆಳೆಗೆ ಹಿರಿಯರ ರೇಷ್ಮೆಯೇ ಒದಗಿತು. ಅವರ ಮಾನವೂ ಉಳಿಯಿತು.

ಮೂರನೆಯ ಬೆಳೆ ಆರ್ಟೀಮಿಯಾ. ಉಪ್ಪಿನ ಸರೋವರಗಳಲ್ಲಿ, ಉಪ್ಪಿನಾಗರಗಳಲ್ಲಿ ಬೆಳೆಯುವ ಸೀಗಡಿಯ ಕುಲದ ಜೀವಿ. ನಮ್ಮ ದೇಶದಲ್ಲಿ ತೂತ್ತುಕ್ಕುಡಿಯ ಕಡೆ ಉಂಟು. ಅಮೆರಿಕದ ಯೂಟಾ ಪ್ರಾಂತದ ಮಹಾಲವಣ ಸರೋವರ ಇದರ ದೊಡ್ಡ ಕಣಜ. ಇದರ ಒಣಮೊಟ್ಟೆಗಳು ರಾಗಿಗಿಂತ ಎಷ್ಟೋ ಸಣ್ಣ ಕಂದು ಪುಡಿ; ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಉಪ್ಪುನೀರಿಗೆ ಹಾಕಿ, ಗಾಳಿಯಾಡಿಸಿ, 28 ಡಿಗ್ರಿಯ ಶಾಖದಲ್ಲಿಟ್ಟರೆ ಒಂದು ಹಗಲು ಒಂದು ರಾತ್ರಿಯಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ. ಇದಕ್ಕೆ ಕಲ್ಲುಪ್ಪೂ ಒಂದು ಚಿಟಿಕೆ ಅಡಿಗೆಸೋಡವೂ ಸಾಕು. ಗಾಳಿ ನಿಲ್ಲಿಸಿ ತಳದಲ್ಲಿ ದೀಪ ಹಿಡಿದರೆ ಮರಿಗಳು ಬೆಳಕಿನತ್ತ ಇಳಿಯುತ್ತವೆ, ಚಿಪ್ಪು ಮೇಲೆ ತೇಲುತ್ತದೆ. ಮರಿಯ ಗಾತ್ರ ಸುಮಾರು ಅರ್ಧ ಮಿಲಿಮೀಟರು. ಎಳೆಯ ಮೀನಿನ ಬಾಯಿಗೆ ದೊಡ್ಡದು, ವಾರದ ಮರಿಗೆ ಸರಿಯಾದುದು. ಹುಟ್ಟಿದ ಕೆಲವು ಗಂಟೆಗಳಲ್ಲಿಯೇ ತಿನ್ನಿಸಬೇಕು. ತಡಮಾಡಿದರೆ ಅದು ತನ್ನ ಸತ್ವವನ್ನು ತಾನೇ ತಿಂದು ಜಳ್ಳಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸೀಲ್, ನಾರ್ವೆಯಲ್ಲಿ ರೋಲೆಫ್ಸೆನ್ ಎಂಬಿಬ್ಬರು ಇದರ ಗುಣವನ್ನು ಕಂಡುಕೊಂಡಿದ್ದರು.

ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ ಮತ್ತೊಮ್ಮೆ ಮೊಟ್ಟೆ ಬಂದುವು. ಏಳನೆಯ ಸಂಜೆಯೇ ಕೆಂಪು ಕಲ್ಲನ್ನು ಮೊಟ್ಟೆಗಳ ಸಮೇತ, ಸುತ್ತಲೂ ಕಪ್ಪು ಕಾಗದ ಹಚ್ಚಿದ ಬೇರೆ ತೊಟ್ಟಿಗೆ ಸಾಗಿಸಿ, ಗಂಡು ರೆಕ್ಕೆ ಬೀಸುತ್ತಿದ್ದ ಜಾಗದಲ್ಲಿ ಗಾಳಿಯ ಗುಳ್ಳೆಗಳನ್ನು ಬಿಟ್ಟೆ. ಕಪ್ಪು ಹಿನ್ನೆಲೆಯಿದ್ದರೆ ಬೇಟೆ ಎದ್ದು ಕಾಣುತ್ತದೆ. ನೀರನ್ನು ಪಾಚಿಯಿಂದ ತೆಳುವಾಗಿ ಹಸಿರಾಗಿಸಿದೆ. ಅದು ರೋಟಿಫರಿಗೆ ಮೇವು, ನೀರಿಗೂ ಹಿತ. ಮಿಲಿಲೀಟರಿಗೆ ಐದಾರು ರೋಟಿಫರು ಇರುವಂತೆ ದಿನಕ್ಕೆ ಮೂರು ಸಲ ನೋಡಿ ನೋಡಿ ಹಾಕಿದೆ. ಆರನೆಯ ದಿನ ಆರ್ಟೀಮಿಯಾವನ್ನೂ ಕೂಡಿಸಿದೆ. ಮೀನುಮರಿಗಳ ಹೊಟ್ಟೆ ಕಿತ್ತಳೆಯಾಗಿ ಹೊಳೆಯಿತು. ಹತ್ತನೆಯ ದಿನದ ಬೆಳಿಗ್ಗೆ ಮಗಳು ನನ್ನನ್ನು ಎಬ್ಬಿಸಿದಳು. "ಅಪ್ಪಾ, ಒಂದಕ್ಕ ಪಟ್ಟಿ ಬಂದೈತಿ!" ನಿಜ, ತಲೆಯ ಹಿಂದೆ ಒಂದು ಬಿಳಿಯ ಗೆರೆ. ಗಾಜಿನ ನೂಲು ಮೀನಾಗಿತ್ತು. ತಿಂಗಳು ತುಂಬಿದಾಗ ಎಣಿಸಿದೆವು: ನಲವತ್ತಮೂರು. ಹುಟ್ಟಿದುದು ಇನ್ನೂರೈವತ್ತರಷ್ಟು. ಬಲ್ಲವರ ಕೈಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಉಳಿಯುತ್ತವೆ. ಆದರೂ ನಮ್ಮ ಮನೆಯಲ್ಲಿ ಅಂದು ಹೋಳಿಗೆಯಾಯಿತು.

ಇಷ್ಟೆಲ್ಲ ಏಕೆ, ಅಂಗಡಿಯಲ್ಲಿ ಮೀನು ಸಿಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಸಿಗುತ್ತದೆ, ಎಲ್ಲಿಂದ ಬಂದುದು ಎಂಬುದೇ ಪ್ರಶ್ನೆ. ಕೆರೆಯ ಬಣ್ಣದ ಮೀನುಗಳು ಬಹುತೇಕ ಸಾಕಿದುವು; ಕಡಲಿನ ಬಣ್ಣದ ಮೀನುಗಳ ಬಹುಪಾಲು ಜಾತಿಗಳು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದುವೇ. ಇದಕ್ಕೆ ಕಾರಣ ಮರಿಯ ಮೊದಲ ತುತ್ತು. ವಿದೂಷಕ ಮೀನಿನ ಮರಿಯ ಬಾಯಿ ದೊಡ್ಡದು, ರೋಟಿಫರು ಹಿಡಿಯುತ್ತದೆ. ಆದ್ದರಿಂದ 1970ರ ದಶಕದಲ್ಲಿಯೇ ಅದನ್ನು ಮಾರಾಟಕ್ಕಾಗಿ ಮರಿಮಾಡುವುದು ಸಾಧ್ಯವಾಯಿತು. ನೀಮೋವಿನ ಗೆಳತಿ ಡೋರಿಯ ಜಾತಿಯ ನೀಲಿ ಮೀನಿನ ಮರಿಗೆ ರೋಟಿಫರೂ ದೊಡ್ಡ ತುತ್ತೇ; ಅದಕ್ಕೆ ಕೋಪಿಪಾಡ್ ಎಂಬ ಇನ್ನೊಂದು ಅಲೆಮಾರಿಯ ಎಳೆಮರಿ ಬೇಕು. ಅದನ್ನು ಒಕ್ಕಲುಮಾಡುವುದು ಕಷ್ಟದ ಕೆಲಸ. ಆ ನೀಲಿ ಮೀನನ್ನು ಮೊದಲ ಬಾರಿಗೆ ತೊಟ್ಟಿಯಲ್ಲಿ ಹುಟ್ಟಿಸಿ ಬೆಳೆಸಿದುದು 2016ರಲ್ಲಿ, ಫ್ಲಾರಿಡಾದಲ್ಲಿ. ಎರಡು ಮೀನುಗಳ ನಡುವೆ ನಾಲ್ಕು ದಶಕಗಳ ಅಂತರ. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಾಗಿ!

ಹವಳ ನಮಗೆ ದೂರದ ಮಾತೂ ಅಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಅದುಂಟು. ಜೀವಂತ ಹವಳವನ್ನು ಕೀಳುವುದು, ಮಾರುವುದು, ಮನೆಯಲ್ಲಿಡುವುದು ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. 2001ರಿಂದ ಹವಳ ಹುಲಿಯೊಡನೆ ಮೊದಲನೆಯ ಅನುಸೂಚಿಯಲ್ಲಿದೆ. ಮೀನಿನ ಪೆಟ್ಟಿಗೆಯ ಅಂದಕ್ಕೆ ಹವಳವನ್ನು ಯಾರಾದರೂ ಕೊಡಬಂದರೆ ಬೇಡವೆನ್ನಿರಿ. ಲಕ್ಷದ್ವೀಪದ ಅಗತ್ತಿಯಲ್ಲಿ ಮೀನಿನ ತಳಿಸಂಪತ್ತಿನ ರಾಷ್ಟ್ರೀಯ ಸಂಸ್ಥೆಯವರು ಅಲಂಕಾರದ ಸೀಗಡಿಗಳನ್ನು ಸಾಕುವ ವಿದ್ಯೆಯನ್ನು ದ್ವೀಪದ ಹೆಣ್ಣುಮಕ್ಕಳಿಗೆ ಕಲಿಸಿದ್ದಾರೆ. ದಿಬ್ಬವನ್ನು ಮುಟ್ಟದೆ ಸಂಪಾದಿಸುವ ದಾರಿ ಅದು.

ಊಟದ ಮೀನಿಗೂ ಇದೇ ನಿಯಮ. ಕೇಂದ್ರೀಯ ಕಡಲಮೀನು ಸಂಶೋಧನಾ ಸಂಸ್ಥೆಯವರು 2010ರಲ್ಲಿ ಮಂಡಪಂನಲ್ಲಿ ಕೋಬಿಯಾ ಮೀನನ್ನು ನಮ್ಮ ದೇಶದಲ್ಲಿ ಮೊದಲಿಗೆ ಮರಿಮಾಡಿಸಿದಾಗ ಅಲ್ಲಿಯೂ ಮೊದಲು ಹಸಿರು ನೀರು, ಆಮೇಲೆ ರೋಟಿಫರು, ಆಮೇಲೆ ಆರ್ಟೀಮಿಯಾ. ಕಾರವಾರದ ಕಡಲಿನಲ್ಲಿ ಅದೇ ಸಂಸ್ಥೆಯವರು ಪಂಜರಗಳಲ್ಲಿ ಮೀನು ಬೆಳೆಯುವುದನ್ನು ನಡೆಸಿ ತೋರಿಸಿದ್ದಾರೆ. ಆ ಪಂಜರ ತುಂಬಬೇಕಾದರೆ ಎಲ್ಲಿಯೋ ಒಂದು ತೊಟ್ಟಿ ಹಸಿರಾಗಿರಲೇಬೇಕು. ಅಷ್ಟೇಕೆ, ನಮ್ಮ ಕಡೆ ಕಟ್ಲಾ ರೋಹು ಸಾಕುವ ರೈತ ಮರಿ ಬಿಡುವ ಮೊದಲು ಹೊಂಡಕ್ಕೆ ಸಗಣಿ ಹಾಕಿ ನೀರು ಹಸಿರಾಗುವುದನ್ನು ಕಾಯುತ್ತಾನೆ. ಅವನು ಸಾಕುತ್ತಿರುವುದೂ ಸಿಹಿನೀರಿನ ಅಲೆಮಾರಿಗಳನ್ನೇ.

ಮನೆಯಲ್ಲಿ ಇದನ್ನು ಮಾಡಬಯಸುವವರಿಗೆ ಒಂದೆರಡು ಮಾತು. ಮೊಟ್ಟೆ ಬರುವುದಕ್ಕೆ ಒಂದು ತಿಂಗಳು ಮೊದಲೇ ಪಾಚಿಯನ್ನೂ ರೋಟಿಫರನ್ನೂ ತೊಡಗಿಸಿರಿ. ಮರಿ ಹುಟ್ಟಿದ ಮೇಲೆ ಹುಡುಕಹೊರಟರೆ ಫಲವಿಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಒಂದಿರಲಿ. ಮೊದಲ ಪ್ರಯತ್ನದಲ್ಲಿ ಮರಿಗಳು ಉಳಿದೇ ಉಳಿಯುತ್ತವೆ ಎಂದು ಮಕ್ಕಳಿಗೆ ಮಾತು ಕೊಡಬೇಡಿರಿ. ಬೆಳೆದ ಮರಿಗಳನ್ನು ಎಲ್ಲಿಗೆ ಕಳಿಸುವಿರೆಂಬುದನ್ನೂ ಯೋಚಿಸಿರಿ. ನಮ್ಮ ನಲವತ್ತಮೂರರಲ್ಲಿ ಮೂವತ್ತು, ಬೆಂಗಳೂರಿನಲ್ಲಿ ನಾವು ಜೋಡಿಯನ್ನು ತಂದ ಅಂಗಡಿಗೇ ಮರಳಲಿವೆ. ಬೆಲೆಯ ಲೆಕ್ಕ ಹಾಕಿದರೆ ಕರೆಂಟಿನ ಬಿಲ್ಲೂ ಹೊರಡುವುದಿಲ್ಲ. ಇದನ್ನು ಹೆಂಡತಿ ಈಗಾಗಲೇ ಎರಡು ಸಲ ಹೇಳಿದ್ದಾಳೆ.

ಉಳಿದ ಹದಿಮೂರಕ್ಕೆ ಮಗಳು ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಪಾಚಿಯ ಭರಣಿಗಳನ್ನು ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ನನ್ನಿಂದ ಕಸಿದುಕೊಂಡಿದ್ದಾಳೆ. ನಿನ್ನೆ ಸಂಜೆ ನೋಡಿದರೆ ಗಂಡು ಮತ್ತೆ ಕೆಂಪು ಕಲ್ಲನ್ನು ಉಜ್ಜುತ್ತಿದೆ. ಇಷ್ಟು ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗದ ಪಡಸಾಲೆಯಿಂದ ಹಿರಿಯರು "ಸರ, ನಿಮ್ಮ ಭರಣಿ ಗುಳಗುಳ ಅನ್ನೂದು ನಿಂತೈತ್ರಿ" ಎಂದು ಕೂಗುತ್ತಿದ್ದಾರೆ. ಹೋಗಿ ಅಲುಗಾಡಿಸಬೇಕು.